ನೀರಂಚಿನ ನೆಲ ಯಾರಿಗೆ ಮೀಸಲು?

ಹೊಸನಗರ ತಾಲ್ಲೂಕಿನ ಹುಂಚದ ಸಮೀಪದಲ್ಲಿ ಹುಟ್ಟುವ ಕುಮುದ್ವತಿ ದೊಡ್ಡ ನದಿಯೇನೂ ಅಲ್ಲ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಹರಿದು, ಬೇಸಿಗೆ ಬಂದಿತೆಂದರೆ ಮರಳಿನ ನಡುವೆ ಸಣ್ಣ ಎಳೆಯಾಗಿ ಉಳಿಯುವ ಸಾಧಾರಣ ಹೊಳೆ ಅದು. ಚೋರಡಿಯನ್ನು ಹಾದು ಬರುವುದರಿಂದ ಚೋರಡಿ ಹೊಳೆ ಎಂಬ ಹೆಸರೂ ಅದಕ್ಕುಂಟು. ಶಿಕಾರಿಪುರಕ್ಕೆ ಹತ್ತಿರದ ಅಂಜನಾಪುರದಲ್ಲಿ ಈ ಹೊಳೆಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಮೈಸೂರು ಸಂಸ್ಥಾನದ ಕಾಲದಲ್ಲಿ, ೧೯೩೦ರ ದಶಕದಲ್ಲಿ ಪೂರ್ಣಗೊಂಡಿತು. ಅಂದಿನಿಂದ ಸುತ್ತಲಿನ ಗದ್ದೆ ತೋಟಗಳು ಅದರ ನಾಲೆಯ ನೀರಿನಲ್ಲಿ ಹಸುರಾಗಿವೆ.

ಏರಿಯ ಮೇಲೆ ನಿಂತು ನೋಡುವವರ ಕಣ್ಣು ಸಹಜವಾಗಿಯೇ ನೀರಿನ ಮೇಲೆ ನೆಡುತ್ತದೆ. ನೀರನ್ನು ಸುತ್ತುವರಿದ ನೆಲದ ಮೇಲೆ ಅಲ್ಲ. ಆದರೆ ಆ ನೀರಿನ ಭವಿಷ್ಯವನ್ನು ನಿರ್ಧರಿಸುವುದು ಆ ನೆಲವೇ. ನೀರಂಚಿನಲ್ಲಿ ಗದ್ದೆಯಿದ್ದರೆ ಒಂದು ಬಗೆಯ ನೀರು, ತೋಪಿದ್ದರೆ ಒಂದು ಬಗೆಯ ನೀರು, ಕಾರ್ಖಾನೆಯಿದ್ದರೆ ಬೇರೊಂದು ಬಗೆಯ ನೀರು. ಯಾವ ನೆಲ ಯಾವುದಕ್ಕೆ ಎಂದು ಮೊದಲೇ ಗೆರೆ ಎಳೆದು ಗೊತ್ತುಮಾಡುವ ಕೆಲಸಕ್ಕೆ ಯೋಜನಾಶಾಸ್ತ್ರದಲ್ಲಿ ವಲಯೀಕರಣವೆಂದು ಹೆಸರು. ಮಾತು ಹೊಸದು, ಆದರೆ ವಿಷಯ ಈ ನಾಡಿಗೆ ಹೊಸದಲ್ಲ.

ಶಾಸನಗಳು ತೋರುವ ದಾರಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ಅರಿಯದ ಕನ್ನಡ ವಿದ್ಯಾರ್ಥಿಯಿಲ್ಲ. ಕದಂಬ ವಂಶದ ಮೂಲವನ್ನು ಹೇಳುವ ಆ ಶಾಸನವನ್ನು ಇತಿಹಾಸಕ್ಕಾಗಿ ಓದುತ್ತೇವೆ, ಕುಬ್ಜಕವಿಯ ಸಂಸ್ಕೃತ ಶ್ಲೋಕಗಳ ಸೊಗಸಿಗಾಗಿ ಓದುತ್ತೇವೆ. ಅದನ್ನು ಬರೆಸಿದ ಉದ್ದೇಶ ಮಾತ್ರ ಎಷ್ಟೋ ವೇಳೆ ನಮಗೆ ಮರೆತುಹೋಗುತ್ತದೆ. ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿಯಲ್ಲಿ ಒಂದು ಕೆರೆಯನ್ನು ತೋಡಿಸಿದನೆಂಬುದನ್ನು ಹೇಳಲು, ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಐದನೆಯ ಶತಮಾನದಲ್ಲಿ, ನಿಂತ ಕಂಬ ಅದು. ಒಂದು ರಾಜವಂಶದ ಚರಿತ್ರೆಯೇ ಒಂದು ಕೆರೆಯ ನೆಪದಲ್ಲಿ ನಮಗೆ ದೊರೆತಿದೆ.

ಅನಂತರದ ಕನ್ನಡ ಶಾಸನಗಳಲ್ಲಿ ಕೆರೆಯ ಮಾತು ಬಂದಾಗಲೆಲ್ಲ ನೆಲದ ಮಾತೂ ಬೆನ್ನಿಗೇ ಬರುತ್ತದೆ. ಕೆರೆ ಕಟ್ಟಿಸಿದವರಿಗೂ ಅದನ್ನು ಕಾಯುವವರಿಗೂ ಅದರ ಕೆಳಗಿನ ಭೂಮಿಯಲ್ಲಿ ಬಿಡುತ್ತಿದ್ದ ಪಾಲಿಗೆ ಬಿತ್ತುವಟ್ಟವೆಂದೂ ಕಟ್ಟುಗೊಡಗೆಯೆಂದೂ ಹೆಸರಿತ್ತು. ತೂಬು, ಕೋಡಿ, ಏರಿ, ಗದ್ದೆ, ಬೆದ್ದಲು ಇವುಗಳ ಎಲ್ಲೆಯನ್ನು ಕಲ್ಲು ನೆಟ್ಟು ಗುರುತಿಸುತ್ತಿದ್ದರು. ಅಂದರೆ, ನೀರಿನ ಕೆಳಗಿನ ಈ ತುಂಡು ನೆಲ ನೀರಿನ ರಕ್ಷಣೆಗೇ ಮೀಸಲು ಎಂಬ ತೀರ್ಮಾನ ಊರವರ ಮುಂದೆ ಆಗಿ, ಕಲ್ಲಿನ ಮೇಲೆ ಬೀಳುತ್ತಿತ್ತು. ಅಂದಿನ ಸಮಾಜವೆಲ್ಲ ನ್ಯಾಯವಾಗಿತ್ತೆಂದು ಇದರ ಅರ್ಥವಲ್ಲ. ನೆಲವಿಲ್ಲದವನ ಪಾಲಿಗೆ ಆ ಕಲ್ಲು ಬರಿಯ ಕಲ್ಲೇ ಆಗಿದ್ದಿತು. ಆದರೆ ನೀರನ್ನೂ ನೆಲವನ್ನೂ ಬೇರೆ ಬೇರೆ ಕಚೇರಿಗಳ ಕಡತಗಳಾಗಿ ಅವರು ಎಣಿಸಿರಲಿಲ್ಲವೆಂಬುದು ನಿಜ.

ನೀರು ಬೇಕು, ದಡ ಬೇಕೇ?

ಕಾರ್ಖಾನೆಗಳು ನೀರಿನ ದಡವನ್ನು ಹುಡುಕಿಕೊಂಡು ಬಂದುದಕ್ಕೆ ಒಂದು ಕಾಲದಲ್ಲಿ ಬಲವಾದ ಕಾರಣವಿತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ನೇತ್ರಾವತಿಯ ದಡವನ್ನೇ ಆರಿಸಿಕೊಂಡರು. ಹಂಚಿಗೆ ಬೇಕಾದ ಜೇಡಿ ಮಣ್ಣು ಹೊಳೆಯ ಬದಿಯಲ್ಲೇ ಸಿಕ್ಕುತ್ತಿತ್ತು. ಅದು ಬರುವುದೂ ದೋಣಿಯಲ್ಲಿ, ಸುಟ್ಟ ಹಂಚು ಬಂದರಕ್ಕೆ ಹೋಗುವುದೂ ದೋಣಿಯಲ್ಲಿ. ದಡವಿಲ್ಲದೆ ಆ ಉದ್ಯಮವೇ ಇರಲಿಲ್ಲ.

ಇಂದಿನ ಪರಿಸ್ಥಿತಿ ಬೇರೆ. ಲಾರಿ ಬಂದಿತು, ರೈಲು ಬಂದಿತು, ಮೈಲುಗಟ್ಟಲೆ ನೀರನ್ನು ಎತ್ತಿ ಒಯ್ಯುವ ಪಂಪು ಕೊಳವೆಗಳು ಬಂದವು. ತುಂಗಭದ್ರೆಯ ನೀರನ್ನೇ ಎತ್ತಿ ಶಿಕಾರಿಪುರ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆಯೇ ಇದಕ್ಕೆ ಕಣ್ಣೆದುರಿನ ಸಾಕ್ಷಿ. ರೈತನ ಕೆರೆಗೆ ಅಷ್ಟು ದೂರ ನೀರು ಬರಬಹುದಾದರೆ ಕಾರ್ಖಾನೆಯ ತೊಟ್ಟಿಗೂ ಬರಬಹುದು. ಆದುದರಿಂದ ನೀರು ಬೇಕು ಎಂಬುದು ಒಂದು ಮಾತು; ನೀರಿನ ದಡವೇ ಬೇಕು ಎಂಬುದು ಇನ್ನೊಂದು ಮಾತು. ಈ ಎರಡನ್ನೂ ಒಂದೇ ಎಂದು ಭಾವಿಸಿದಲ್ಲಿ ತೊಡಕು ಆರಂಭವಾಗುತ್ತದೆ. ದಡದಲ್ಲಿರುವ ಕಾರ್ಖಾನೆಗೆ ನೀರನ್ನು ತರುವುದು ಸುಲಭವಾದಂತೆ ಕೊಳೆಯನ್ನು ಬಿಡುವುದೂ ಸುಲಭವಾಗುತ್ತದೆ. ಮೊದಲನೆಯ ಸೌಕರ್ಯವನ್ನು ಅರ್ಜಿಯಲ್ಲಿ ಕಾಣಿಸುತ್ತಾರೆ. ಎರಡನೆಯದು ಅರ್ಜಿಯಲ್ಲಿ ಇರುವುದಿಲ್ಲ.

ಕರಾವಳಿಯ ಮಟ್ಟಿಗೆ ಭಾರತ ಸರ್ಕಾರ ಈ ವ್ಯತ್ಯಾಸವನ್ನು ಗುರುತಿಸಿತು. ೧೯೯೧ರ ಫೆಬ್ರವರಿ ೧೯ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಸಮುದ್ರದ ಉಬ್ಬರ ಮುಟ್ಟುವ ಗೆರೆಯಿಂದ ೫೦೦ ಮೀಟರುಗಳವರೆಗಿನ ನೆಲದಲ್ಲಿ ಹೊಸ ಕಾರ್ಖಾನೆಗಳನ್ನು ನಿಷೇಧಿಸಿ, ನೀರಂಚಿನ ನೇರ ಅಗತ್ಯವಿರುವವುಗಳಿಗೆ ವಿನಾಯಿತಿ ನೀಡಿತು. ಬಂದರು ಬೆಟ್ಟದ ಮೇಲೆ ಇರಲಾರದು. ಆದರೆ ಬಟ್ಟೆಯ ಗಿರಣಿ ಇರಬಹುದು. ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಈ ನಿಯಮ ಹೊಸ ರೂಪ ತಾಳಿತು, ಕೆಲವೆಡೆ ಸಡಿಲವೂ ಆಯಿತು. ಆದರೂ ದಡವಿಲ್ಲದೆ ನಡೆಯದುದಕ್ಕೆ ಮಾತ್ರ ದಡ ಎಂಬ ತತ್ತ್ವ ಬೆಲೆಯುಳ್ಳದ್ದು. ಒಳನಾಡಿನ ನದಿಗೂ ಕೆರೆಗೂ ಆ ಅಧಿಸೂಚನೆ ಅನ್ವಯಿಸದು. ಅಲ್ಲಿ ಗೆರೆ ಎಳೆಯಬೇಕಾದವರು ಆಯಾ ಊರಿನ ಯೋಜನೆಗಾರರು.

ಹೊಳೆಯ ಎರಡು ದಡ, ಎರಡು ಜಿಲ್ಲೆ

ಗೆರೆ ಎಳೆಯದಿದ್ದರೆ ಏನಾಗುತ್ತದೆಂಬುದನ್ನು ನೋಡಲು ಅಂಜನಾಪುರದ ನೀರನ್ನೇ ಹಿಂಬಾಲಿಸಿ ಹೋಗಬಹುದು. ಕುಮುದ್ವತಿ ಶಿಕಾರಿಪುರವನ್ನು ದಾಟಿ, ಮಾಸೂರಿನ ಸೀಮೆಯಲ್ಲಿ ಹಳೆಯ ಮದಗದ ಕೆರೆಯನ್ನು ಹಾದು, ರಟ್ಟೀಹಳ್ಳಿಯ ಕದಂಬೇಶ್ವರನ ಪಕ್ಕದಲ್ಲಿ ಹರಿದು, ಮುದೇನೂರಿನ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ, ತುಂಗಭದ್ರೆಯ ಒಂದು ದಡದಲ್ಲಿ ಹರಿಹರ. ಎದುರು ದಡದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ.

೧೯೭೨ರಲ್ಲಿ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕೆಲಸ ಆರಂಭಿಸಿತು. ಮರವನ್ನು ಕ್ಷಾರದಲ್ಲಿ ಬೇಯಿಸಿ, ನಾರನ್ನು ಬೇರ್ಪಡಿಸಿ, ಕೃತಕ ರೇಷ್ಮೆಗೆ ಬೇಕಾದ ತಿರುಳನ್ನು ಮಾಡುವುದು ಅದರ ವೃತ್ತಿ. ಇಂಥ ಕಾರ್ಖಾನೆಗೆ ಅಪಾರ ನೀರು ಬೇಕು. ಮರದಲ್ಲಿ ನಾರನ್ನು ಹಿಡಿದಿಟ್ಟ ಅಂಟು ಕರಗಿ ಬರುವ ಕಪ್ಪು ದ್ರವ, ಎಷ್ಟು ಶುದ್ಧಿ ಮಾಡಿದರೂ ಬಣ್ಣ ಬಿಡದ ಹಟಮಾರಿ ವಸ್ತು. ಅದು ನದಿಗೆ ಬಿದ್ದರೆ ಅದನ್ನು ಜೀರ್ಣಿಸಲು ನೀರಿನಲ್ಲಿ ಕರಗಿದ ಪ್ರಾಣವಾಯು ಖರ್ಚಾಗುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತದೆ. ನೂರು ಕೊಡ ನೀರಿಗೆ ಒಂದು ಕೊಡ ಕೊಳೆ ಬಿದ್ದರೆ ನದಿ ತಡೆದುಕೊಂಡೀತು. ಬೇಸಿಗೆಯಲ್ಲಿ ನದಿಯಲ್ಲಿ ಹತ್ತೇ ಕೊಡ ಉಳಿದಾಗ ಕಾರ್ಖಾನೆಯ ಒಂದು ಕೊಡ ಒಂದಾಗಿಯೇ ಬರುತ್ತದೆ. ಮಳೆಗಾಲದ ನದಿಯನ್ನು ನೋಡಿ ಕಾರ್ಖಾನೆಗೆ ಜಾಗ ಗೊತ್ತುಮಾಡಿದವರು ಬೇಸಿಗೆಯ ನದಿಯನ್ನೂ ನೋಡಬೇಕಾಗಿತ್ತು.

ನಲವಾಗಲು ಮೊದಲಾದ ಕೆಳಗಿನ ಹಳ್ಳಿಗಳಿಂದ ದೂರುಗಳೆದ್ದವು. ಮೀನು ಸತ್ತುದರಿಂದ ಬೆಸ್ತರ ಬದುಕು ಕೆಟ್ಟಿತು. ೧೯೮೪ರಲ್ಲಿ ಧಾರವಾಡದಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಈ ದೂರುಗಳಿಗೆ ದನಿ ಕೊಟ್ಟಿತು. ಅದೇ ವರ್ಷ ಕಾರ್ಖಾನೆಗೆ ಮರ ಒದಗಿಸಲೆಂದು ಸರ್ಕಾರದೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಸಂಸ್ಥೆ ಏರ್ಪಟ್ಟಿತು. ಶಿವಮೊಗ್ಗ, ಧಾರವಾಡ ಮೊದಲಾದ ಜಿಲ್ಲೆಗಳಲ್ಲಿ ಸುಮಾರು ೩೦,೦೦೦ ಹೆಕ್ಟೇರು ನೆಲದಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶ. ಹಳ್ಳಿಯವರು ಸೌದೆಗೂ ಮೇವಿಗೂ ನಂಬಿದ್ದ ನೆಲ ಅದು. ಡಾ. ಶಿವರಾಮ ಕಾರಂತರೂ ಇತರರೊಡನೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ೧೯೮೭ರ ನವೆಂಬರ್ ೧೪ರಂದು ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ಜನಕ್ಕೆ ಬೇಕಾದ ಗಿಡಗಳನ್ನು ನೆಡುವ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ೧೯೯೧ರಲ್ಲಿ ಆ ಸಂಸ್ಥೆ ಮುಚ್ಚಿತು. ನದಿಯ ದಡದ ಒಂದು ಕಾರ್ಖಾನೆಯ ನೆಲ ಅದರ ಬೇಲಿಯೊಳಗೆ ಮುಗಿಯುವುದಿಲ್ಲ. ಅದರ ಕೊಳವೆ ಕೆಳಗಿನ ಹಳ್ಳಿಗಳವರೆಗೆ, ಅದರ ಕೊಡಲಿ ಮೇಲಿನ ಗೋಮಾಳದವರೆಗೆ ಚಾಚುತ್ತದೆ.

ಇದರಲ್ಲಿ ಎಲ್ಲೆಯ ಪ್ರಶ್ನೆಯೂ ಅಡಗಿದೆ. ೧೯೫೬ಕ್ಕೆ ಮುಂಚೆ ಹರಿಹರ ಮೈಸೂರಿಗೆ ಸೇರಿತ್ತು, ಆಚೆಯ ದಡ ಮುಂಬಯಿ ರಾಜ್ಯಕ್ಕೆ. ಏಕೀಕರಣವಾದ ಮೇಲೆ ಒಂದು ದಡ ಚಿತ್ರದುರ್ಗ ಜಿಲ್ಲೆ, ಇನ್ನೊಂದು ಧಾರವಾಡ ಜಿಲ್ಲೆ. ೧೯೯೭ರಿಂದ ದಾವಣಗೆರೆ ಮತ್ತು ಹಾವೇರಿ. ಊರಿನ ಯೋಜನೆಯ ನಕ್ಷೆ ಸಾಮಾನ್ಯವಾಗಿ ಜಿಲ್ಲೆಯ ಎಲ್ಲೆಗೆ ಬಂದು ನಿಲ್ಲುತ್ತದೆ. ನದಿಯೇ ಎಲ್ಲೆಯಾದಾಗ ನಕ್ಷೆಯಲ್ಲಿ ಅದು ಇಬ್ಬರಿಗೂ ಅಂಚು, ಯಾರಿಗೂ ನಡುವಲ್ಲ. ಅಂಚಿಗೆ ಬೇಡದ್ದನ್ನು ತಳ್ಳುವುದು ಮನೆಯಲ್ಲಿಯೂ ರೂಢಿ, ಊರಿನಲ್ಲಿಯೂ ರೂಢಿ.

ಒಂದೇ ಬಣ್ಣದ ಎರಡು ಕಾರ್ಖಾನೆಗಳು

ಹರಿಹರದ ಕಡೆಯ ದಡ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ೧೯೪೧ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನೂ ಇತರ ಯಂತ್ರೋಪಕರಣಗಳನ್ನೂ ತಯಾರಿಸಿ ದೇಶದಲ್ಲಿ ಹೆಸರು ಪಡೆದಿತ್ತು. ಈಗ ಅದು ಮುಚ್ಚಿಹೋಗಿದೆ. ಯಂತ್ರ ಕೊರೆಯುವ ಕಾರ್ಖಾನೆ, ಮರ ಬೇಯಿಸುವ ಕಾರ್ಖಾನೆ, ಎರಡೂ ಕಾರ್ಖಾನೆಗಳೇ. ಊರಿನ ಮಹಾಯೋಜನೆಯ ನಕ್ಷೆಯಲ್ಲಿ ವಾಸದ ನೆಲಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ ಬಳಿಯುವುದು ವಾಡಿಕೆ. ಆ ನಕ್ಷೆಗೆ ಎರಡೂ ನೇರಳೆಯೇ. ನದಿಗೆ ಮಾತ್ರ ಇವೆರಡೂ ಒಂದೇ ಅಲ್ಲ.

೧೯೭೪ರ ಜಲಮಾಲಿನ್ಯ ಅಧಿನಿಯಮದ ಮೇರೆಗೆ ಹುಟ್ಟಿದ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳನ್ನು ಅವುಗಳ ಕೊಳೆಯ ಪ್ರಮಾಣ ನೋಡಿ ಕೆಂಪು, ಕಿತ್ತಳೆ, ಹಸುರು ಎಂದು ವಿಂಗಡಿಸುತ್ತದೆ. ೨೦೧೬ರಲ್ಲಿ ಬಿಳಿಯೂ ಸೇರಿತು. ನೆಲದ ನಕ್ಷೆ ಒಂದು ಕಚೇರಿಯಲ್ಲಿ, ಕೊಳೆಯ ಪಟ್ಟಿ ಇನ್ನೊಂದು ಕಚೇರಿಯಲ್ಲಿ. ನೀರಂಚಿನಲ್ಲಿಯಾದರೂ ಇವೆರಡೂ ಒಂದೇ ಕಾಗದದ ಮೇಲೆ ಬರಬೇಕು.

ಇನ್ನೊಂದು ಕುಮುದ್ವತಿ

ನಮ್ಮ ರಾಜ್ಯದಲ್ಲಿ ಕುಮುದ್ವತಿ ಎಂಬ ಹೆಸರಿನ ಇನ್ನೊಂದು ಹೊಳೆಯಿದೆ. ಶಿವಗಂಗೆಯ ಬೆಟ್ಟಸಾಲಿನಲ್ಲಿ ಹುಟ್ಟಿ, ನೆಲಮಂಗಲದ ಸೀಮೆಯಲ್ಲಿ ಹರಿದು, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುವ ಹೊಳೆ ಅದು. ಆ ಸಂಗಮದಲ್ಲಿಯೂ ೧೯೩೦ರ ದಶಕದಲ್ಲಿಯೇ ಜಲಾಶಯವೊಂದು ಎದ್ದಿತು. ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಚಾಮರಾಜಸಾಗರವೇ ಅದು. ಹೆಸರೂ ಒಂದೇ, ಕಾಲವೂ ಹೆಚ್ಚು ಕಡಿಮೆ ಒಂದೇ. ಆದರೆ ಅದರ ಜಲಾನಯನ ಪ್ರದೇಶ ಬೆಂಗಳೂರಿನ ಹೆದ್ದಾರಿಗಳ ಬದಿಯಲ್ಲಿತ್ತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರಗಳ ಕಡೆ ಕೈಗಾರಿಕೆಗಳು ಬೆಳೆದವು, ಬಡಾವಣೆಗಳು ಬೆಳೆದವು, ಕೊಳವೆಬಾವಿಗಳು ಆಳಕ್ಕಿಳಿದವು. ಜಲಾಶಯಕ್ಕೆ ಬರುವ ನೀರು ಕಡಮೆಯಾಯಿತು, ಬಂದುದು ಕೆಟ್ಟಿತು.

೨೦೦೩ರ ನವೆಂಬರ್ ೧೮ರಂದು ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಆ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿತು. ಜಲಾಶಯದ ಸುತ್ತ ೨ ಕಿಲೋಮೀಟರು, ಎರಡು ನದಿಗಳ ಇಕ್ಕೆಲಗಳಲ್ಲಿ ಒಂದೊಂದು ಕಿಲೋಮೀಟರು ನೆಲಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಬಂದಿತು. ಊರಿನ ಎಲ್ಲೆಯನ್ನಲ್ಲದೆ ನೀರಿನ ದಾರಿಯನ್ನು ಅನುಸರಿಸಿ ಗೆರೆ ಎಳೆದುದು ನಿಜಕ್ಕೂ ಶ್ಲಾಘ್ಯ. ಆದರೆ ಜಲಾಶಯಕ್ಕೆ ಎಪ್ಪತ್ತು ವರ್ಷ ತುಂಬಿದ ಮೇಲೆ ಬಂದ ಗೆರೆ ಅದು. ೨೦೧೦ರ ದಶಕದಲ್ಲಿ ಅಲ್ಲಿಂದ ಕುಡಿಯುವ ನೀರೆತ್ತುವುದು ನಿಂತಿತು. ೨೦೧೯ರಲ್ಲಿ ನಿರ್ಬಂಧಗಳೂ ಸಡಿಲಗೊಂಡವು. ತಡವಾಗಿ ಬಂದ ಗೆರೆಯ ಒಳಗೆ ಆಗಲೇ ಜನರ ಮನೆ, ಹಣ, ಆಸೆ ಸೇರಿರುತ್ತವೆ. ಅದನ್ನು ಅಳಿಸಬೇಕೆನ್ನುವವರು ಬಹಳ; ಉಳಿಸಬೇಕೆನ್ನುವ ನೀರಿಗೆ ಮತವಿಲ್ಲ.

ಮೂವತ್ತೋ, ಎಪ್ಪತ್ತೈದೋ?

ಬೆಂಗಳೂರಿನ ಕೆರೆಗಳ ಕಥೆಯೂ ಇದನ್ನೇ ಸಾರುತ್ತದೆ. ಅಗರ ಕೆರೆಯಿಂದ ಬೆಳ್ಳಂದೂರು ಕೆರೆಗೆ ಇಳಿಯುವ ತಗ್ಗಿನಲ್ಲಿ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಂಚಿದ ನೆಲದ ಮೇಲೆ ಭಾರಿ ಕಟ್ಟಡಗಳು ಏಳತೊಡಗಿದಾಗ ವ್ಯಾಜ್ಯ ಹಸುರು ನ್ಯಾಯಮಂಡಳಿಗೆ ಹೋಯಿತು. ನಗರದ ೨೦೧೫ರ ಮಹಾಯೋಜನೆ ಕೆರೆಯಂಚಿನಿಂದ ೩೦ ಮೀಟರು ನೆಲವನ್ನು ಬಿಡಬೇಕೆಂದಿತ್ತು. ನ್ಯಾಯಮಂಡಳಿ ೨೦೧೬ರ ಮೇ ೪ರಂದು ಅದನ್ನು ೭೫ ಮೀಟರಿಗೆ ಏರಿಸಿತು. ೨೦೧೯ರ ಮಾರ್ಚ್ ೫ರಂದು ಸರ್ವೋಚ್ಚ ನ್ಯಾಯಾಲಯ ಈ ಏರಿಕೆಯನ್ನು ತಳ್ಳಿಹಾಕಿತು. ಶಾಸನಬದ್ಧವಾದ ಯೋಜನೆಯಲ್ಲಿರುವ ಅಳತೆಯನ್ನು ನ್ಯಾಯಮಂಡಳಿ ಬದಲಿಸಲಾಗದು ಎಂಬುದು ಅದರ ತಿರುಳು.

ತೀರ್ಪಿನ ಗುಣಾವಗುಣಗಳ ವಿಮರ್ಶೆ ಇಲ್ಲಿ ಬೇಡ. ಸಾಮಾನ್ಯ ಜನ ಅದರಿಂದ ಗ್ರಹಿಸಬೇಕಾದ ಸತ್ಯ ಒಂದೇ: ಯೋಜನೆ ಬರೆಯುವ ದಿನ ನಕ್ಷೆಯ ಮೇಲೆ ಬಿದ್ದ ಗೆರೆಯೇ ಕೊನೆಯವರೆಗೂ ಲೆಕ್ಕಕ್ಕೆ ಬರುವುದು. ಅನಂತರ ಎಂಥ ದೊಡ್ಡ ಪೀಠದ ಮುಂದೆ ನಿಂತರೂ ಅದನ್ನು ಒಂದು ಮಾರು ಸರಿಸುವುದು ದುಸ್ಸಾಧ್ಯ. ೨೦೧೮ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯ ಮೇಲೆ ಬೆಂಕಿ ಹೊತ್ತಿ, ಅದನ್ನು ಆರಿಸಲು ಸೈನಿಕರು ಬರಬೇಕಾಯಿತು. ನಗರದ ಚರಂಡಿಯ ನೀರೇ ಆ ಕೆರೆಯ ದುಃಸ್ಥಿತಿಗೆ ಮುಖ್ಯ ಕಾರಣ. ಆದರೆ ನೀರಿಗೆ ಉಸಿರಾಡಲು ಬೇಕಾದ ಸುತ್ತಲಿನ ಜೌಗು ನೆಲವನ್ನು ಕಳೆದುಕೊಂಡ ಕೆರೆ ಆ ಕೊಳೆಯನ್ನು ತಡೆಯುವ ಶಕ್ತಿಯನ್ನೂ ಕಳೆದುಕೊಂಡಿತ್ತು.

ಕಾರ್ಖಾನೆಯೇ ಬೇಡವೇ?

ಇಷ್ಟನ್ನು ಓದಿದವರು ಕಾರ್ಖಾನೆಗಳೇ ಬೇಡವೆಂಬ ವಾದ ಇದೆಂದು ಭಾವಿಸಬಾರದು. ಹಾಗೆನ್ನುವವರು ಒಮ್ಮೆ ಭದ್ರಾವತಿಗೆ ಹೋಗಿಬರಬೇಕು. ಭದ್ರೆಯ ದಡದ ಬೆಂಕಿಪುರದಲ್ಲಿ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ೧೯೩೬ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಒಂದು ಹಳ್ಳಿ ಪಟ್ಟಣವಾಯಿತು. ಮಲೆನಾಡಿನ ಎಷ್ಟೋ ಮನೆಗಳ ಮೊದಲ ಸಂಬಳ, ಮೊದಲ ಪಿಂಚಣಿ ಬಂದುದು ಅಲ್ಲಿಂದ. ೨೦೧೫ರಲ್ಲಿ ಕಾಗದದ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ ೨೦೨೩ರಲ್ಲಿಯೇ ಅದನ್ನು ಮುಚ್ಚುವ ಮಾತೂ ಬಂದಿತು, ಕಾರ್ಮಿಕರು ಬೀದಿಗಿಳಿದರು. ಕೊಳೆ ಬೀಳುವುದು ನಿಂತಿತೆಂದು ನದಿ ಹಿಗ್ಗುವ ಹೊತ್ತಿಗೆ ದಡದ ಮನೆಯಲ್ಲಿ ಒಲೆ ಆರಿದರೆ ಅದನ್ನು ಗೆಲುವೆಂದು ಕರೆಯಲಾಗದು.

ಆದುದರಿಂದ ಕೇಳಬೇಕಾದ ಪ್ರಶ್ನೆ ಕಾರ್ಖಾನೆಯೋ ನದಿಯೋ ಎಂಬುದಲ್ಲ. ಯಾವ ಕಾರ್ಖಾನೆ, ನೀರಿನಿಂದ ಎಷ್ಟು ದೂರ, ಅದರ ಕೊಳೆನೀರಿನ ಗತಿಯೇನು ಎಂಬುದು. ಈ ಪ್ರಶ್ನೆಗೆ ಉತ್ತರ ಸಿಗಬೇಕಾದ ಕಾಲ ಕಾರ್ಖಾನೆ ಬರುವ ಮುಂಚೆ. ಬಂದ ಮೇಲೆ ಊರು ಇಬ್ಭಾಗವಾಗುತ್ತದೆ. ಒಂದೇ ಮನೆಯಲ್ಲಿ ಅಣ್ಣ ಕಾರ್ಖಾನೆಯ ಪಾಳಿಗೆ ಹೋಗುವವನು, ತಮ್ಮ ಹೊಳೆಯ ನೀರಿನಲ್ಲಿ ಬೇಸಾಯ ಮಾಡುವವನು. ಅವರಿಬ್ಬರಲ್ಲಿ ಒಬ್ಬನನ್ನು ಆರಿಸೆಂದು ಆ ಮನೆಯ ತಾಯಿಯನ್ನು ಕೇಳುವುದು ಯಾವ ನ್ಯಾಯ?

ಅಂಜನಾಪುರದಂಥ ಊರುಗಳಿಗೆ

ಅಂಜನಾಪುರದ ಸುತ್ತ ಇಂದಿಗೂ ಗದ್ದೆ ತೋಟಗಳದೇ ಮಾತು. ಗೆರೆ ಎಳೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಖಾಲಿ ನೆಲದ ಮೇಲೆ ಎಳೆದ ಗೆರೆಯಿಂದ ಯಾರ ಗೋಡೆಯೂ ಬೀಳುವುದಿಲ್ಲ.

ಇದಕ್ಕೆ ಬೇಕಾದ ಕಾನೂನು ನಮ್ಮಲ್ಲಿ ಹಳೆಯದೇ. ೧೯೬೧ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಮೇರೆಗೆ ಯೋಜನೆಯ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕು. ಯೋಜನೆ ಜಾರಿಗೆ ಬಂದ ಮೇಲೆ ನೆಲದ ಉಪಯೋಗವನ್ನು ಬದಲಿಸಬೇಕಾದರೂ ಸಾರ್ವಜನಿಕ ಪ್ರಕಟಣೆ ಆಗಬೇಕು. ಆದರೆ ಯೋಜನಾ ಪ್ರದೇಶದ ಹೊರಗಿನ ಹಳ್ಳಿಗಳ ಸ್ಥಿತಿ ಬೇರೆ. ಅಲ್ಲಿ ೧೯೬೪ರ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣದ ಮೇರೆಗೆ, ಒಂದೊಂದು ಅರ್ಜಿಗೆ ಒಂದೊಂದು ಆದೇಶದಂತೆ, ಕೃಷಿಭೂಮಿ ಅನ್ಯ ಉಪಯೋಗಕ್ಕೆ ಪರಿವರ್ತನೆಯಾಗುತ್ತದೆ. ಪ್ರತಿಯೊಂದು ಆದೇಶವನ್ನೂ ಬಿಡಿಯಾಗಿ ನೋಡಿದರೆ ತಪ್ಪು ಕಾಣದು. ಹತ್ತು ವರ್ಷದ ಆದೇಶಗಳನ್ನು ಒಂದೇ ನಕ್ಷೆಯ ಮೇಲೆ ಗುರುತು ಮಾಡಿದಾಗ ನೀರು ಸುತ್ತುಗಟ್ಟಿಹೋಗಿರುವುದು ಕಾಣುತ್ತದೆ.

ಅಂಥ ನಕ್ಷೆ ಮೂರು ಅಂಶಗಳನ್ನು ಮರೆಯಬಾರದು. ಗೆರೆ ನೀರಿನ ದಾರಿಯನ್ನು ಅನುಸರಿಸಬೇಕು. ಜಲಾಶಯಕ್ಕೆ ಬಂದು ಸೇರುವ ಹಳ್ಳಗಳೂ ಅದರೊಳಗೆ ಬರಬೇಕು, ತಾಲ್ಲೂಕು ಜಿಲ್ಲೆಗಳ ಎಲ್ಲೆಯಲ್ಲಿ ಅದು ತುಂಡಾಗಬಾರದು. ದಡವಿಲ್ಲದೆ ನಡೆಯದ ಕಸುಬಿಗೆ, ಎಂದರೆ ಮೀನುಗಾರಿಕೆಗೆ, ಬೇಸಾಯಕ್ಕೆ, ದನಕರು ನೀರು ಕುಡಿಯುವ ದಾರಿಗೆ ಮೊದಲ ಹಕ್ಕಿರಬೇಕು. ಕಾರ್ಖಾನೆಗೆ ನೆಲ ಬೇಕಾದಾಗ ನೀರಿನಿಂದ ದೂರದಲ್ಲಿ, ರಸ್ತೆ ವಿದ್ಯುತ್ತುಗಳಿರುವ ಬೆದ್ದಲು ಭೂಮಿಯನ್ನು ಮೊದಲೇ ಗುರುತಿಸಿ ಇಟ್ಟಿರಬೇಕು. ಬರೀ ‘ಇಲ್ಲಿ ಬೇಡ’ ಎನ್ನುವ ನಕ್ಷೆ ಬಾಳುವುದಿಲ್ಲ. ‘ಅಲ್ಲಿ ಬಾ’ ಎನ್ನುವ ನಕ್ಷೆಗೆ ಕೆಲಸ ಹುಡುಕುವ ಯುವಕರ ಬೆಂಬಲವೂ ದೊರೆಯುತ್ತದೆ.

ಯೋಜನೆಯ ಕರಡು ಪ್ರಕಟವಾದಾಗ ಅದನ್ನು ನೋಡಲು ಹೋಗುವವರು ಎಲ್ಲ ಊರುಗಳಲ್ಲಿಯೂ ವಿರಳ. ನಕ್ಷೆಯೆಂದರೆ ಎಂಜಿನಿಯರರ ವಿಷಯವೆಂಬ ಅಂಜಿಕೆ. ನಿಜವಾಗಿ ನೋಡಿದರೆ ಅದು ಕಷ್ಟವಲ್ಲ. ತನ್ನ ಗದ್ದೆಯ ಸರ್ವೆ ನಂಬರನ್ನು ಹುಡುಕಿ, ಅದರ ಮೇಲುಗಡೆಯ ನೆಲಕ್ಕೆ ಯಾವ ಬಣ್ಣ ಬಳಿದಿದ್ದಾರೆಂದು ನೋಡಿದರೆ ಸಾಕು. ತನ್ನ ತೂಬಿಗೆ ನಾಳೆ ಎಂಥ ನೀರು ಬರುವುದೆಂದು ರೈತನಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆಕ್ಷೇಪಣೆ ಬರೆಯಲು ಒಂದು ಹಾಳೆ ಕಾಗದ ಸಾಕು. ತಾಳಗುಂದದ ಕಾಲದಲ್ಲಿ ಅದಕ್ಕೆ ಕಲ್ಲಿನ ಕಂಬವೇ ಬೇಕಾಗಿತ್ತು.